ಫ್ಯಾನಿನ ಕೊಂಡಿಗೆ ಕಟ್ಟಿದ ತೊಟ್ಟಿಲು

ಗೆಳತಿಯರೇ, ನಮ್ಮ ಓಝರ್ ಊರಿನ ಕ್ವಾರ್ಟರ್ಸಿನಲ್ಲಿ ಇವತ್ತು ಮಗಳು ಮಧ್ಯಾಹ್ನವಿಡೀ ಮಲಗಿದಳು. ಅದಕ್ಕೇ ಜಗಳವಾಯಿತು.

ಕೋಣೆಗೆ ಸುಣ್ಣ ಬಳಿಸಲು ನಮ್ಮ ಮನೆಯವರು ಫ್ಯಾನ್ ಬಿಚ್ಚಿಟ್ಟಿದ್ದರು. ಸುಣ್ಣವೇನೋ ಒಣಗಿತು. ಆದರೆ ಫ್ಯಾನ್ ಮೇಲೇರುವ ಮೊದಲೇ, ಕಲಬುರಗಿಯಿಂದ ಬಂದಿರುವ ಅತ್ತೆ ಛಾವಣಿ ನೋಡಿದರು.

"ಇಡೀ ಮನಿಗಿ ಅದೊಂದೇ ಕೊಂಡಿ. ಖಾಲಿ ಅದ. ಸೀರಿ ತೊಟ್ಟಿಲ ಕಟ್ಟವಾ."

ಕೊಂಡಿಯ ಮೇಲೆ ನನಗೆ ನಂಬಿಕೆ ಬರಲಿಲ್ಲ. "ಮೊದಲ ನೀವು ಜೋತಾಡ್ರಿ," ಎಂದೆ ಗಂಡನಿಗೆ. ವಿಮಾನ ಕಾರ್ಖಾನೆಯ ಇಂಜಿನಿಯರ್ ಲುಂಗಿ ಎತ್ತಿ ಕಟ್ಟಿ, ಕೊಂಡಿಗೆ ಬಿಗಿದ ಸೀರೆ ಹಿಡಿದು ಜೋತಾಡಿದರು. ಕೊಂಡಿ ಅಲುಗಲಿಲ್ಲ. ಹುಟ್ಟಿದಾಗಿನಿಂದ ನನ್ನ ನಿದ್ದೆ ಕೆಡಿಸಿದ ಹುಡುಗಿ ಸ್ವಲ್ಪ ತೂಗಿದ್ದಕ್ಕೇ ಕಣ್ಣು ಮುಚ್ಚಿದಳು. ಉಸಿರಾಡುತ್ತಿದ್ದಾಳೋ ಎಂದು ಬಗ್ಗಿ ನೋಡಿದೆ, ಮತ್ತೆ ಬಗ್ಗಿ ನೋಡಿದೆ, ಆಮೇಲೆ ನಾನೂ ಚಾಪೆಯ ಮೇಲೆ ಉರುಳಿದೆ.

ಎಚ್ಚರವಾದಾಗ ಇವರು ಕೈಯಲ್ಲಿ ಸ್ಪ್ಯಾನರ್ ಹಿಡಿದು ಸ್ಟೂಲ್ ಹತ್ತಿದ್ದರು.

"ತೊಟ್ಟಿಲ ಬಿಚ್ಚು. ಸೆಕಿಗಿ ಜೀವ ಹೊಂಟದ."

"ಮುಟ್ಟಿದ್ರ ಆಕಿ ಏಳ್ತಾಳ. ಎದ್ರ ರಾತ್ರೆಲ್ಲಾ ಎತ್ಕೊಂಡು ತಿರಗಾವ್ರು ನೀವಾ."

"ಮತ್ತ ಗಾಳಿ?"

ಅತ್ತೆ ಮಗನ ಕೈಯಿಂದ ಸ್ಪ್ಯಾನರ್ ತೆಗೆದುಕೊಂಡು ಬೀಸಣಿಗೆ ಕೊಟ್ಟರು. "ಬೀಸಪಾ. ನಿನಗ ನಾ ಬೀಸಿಲ್ಲೇನು?"

ಫ್ಯಾನ್ ಈಗ ಮಂಚದ ಕೆಳಗಿದೆ. ನಾನಿದನ್ನು ಬರೆಯುವಾಗಲೂ ಮಗಳು ಮಲಗಿದ್ದಾಳೆ, ಇವರು ಬೀಸುತ್ತಿದ್ದಾರೆ. ಈ ಫ್ಯಾನಿಗೆ ಕರೆಂಟ್ ಹೋಗುವ ಭಯವಿಲ್ಲ. ಆಗಾಗ ತೂಕಡಿಸಿ ನಿಲ್ಲುತ್ತದೆ, ಮೊಣಕೈಯಿಂದ ತಿವಿದರೆ ಮತ್ತೆ ಶುರುವಾಗುತ್ತದೆ.