ಕಪಿತೊಲೀನಾಳ ಗಂಜಿ

ಕಪಿತೊಲೀನಾ ಯೆಗೋರೊವ್ನಾ ಶಿಶುವಿಹಾರದ ಅಡುಗೆಯವಳು. ಸುಖೋನಾ ನದಿಯ ದಂಡೆಯ ಆ ಪುಟ್ಟ ಊರಿನಲ್ಲಿ ಮೂವತ್ತೈದು ವರ್ಷದೊಳಗಿನವರಲ್ಲಿ ಅವಳ ಕೈಗಂಜಿ ಕುಡಿಯದೆ ಬೆಳೆದವರು ಕಡಿಮೆ. ಅಂಚೆ ಕಚೇರಿಗೆ ಹೋದರೆ ಅಲ್ಲಿನ ಗುಮಾಸ್ತೆ, ಬಸ್ಸು ಹತ್ತಿದರೆ ಅದರ ಡ್ರೈವರು, ಹಲ್ಲು ಕೀಳಿಸಲು ಹೋದರೆ ಕೀಳುವ ಡಾಕ್ಟರು, ಎಲ್ಲರೂ ಒಂದು ಕಾಲದಲ್ಲಿ ಅವಳ ರವೆಗಂಜಿಯ ಮುಂದೆ ಚಮಚ ಹಿಡಿದು ಕೂತವರೇ. ಮೂವತ್ತೊಂದು ವರ್ಷ ಬೆಳಗಿನ ಐದೂವರೆಗೆ ಹೋಗಿ ನಲವತ್ತು ಲೀಟರಿನ ಹಂಡೆಗೆ ಹಾಲು ಸುರಿದವಳು. ಸೋಮವಾರ ರವೆ, ಮಂಗಳವಾರ ಓಟ್ಸ್, ಬುಧವಾರ ಬರಗು, ಗುರುವಾರ ಅಕ್ಕಿ, ಶುಕ್ರವಾರ ಗ್ರೇಚ್ಕಾ ಎಂಬ ಕಂದು ಕಾಳು. ಇಷ್ಟು ಮಕ್ಕಳಿಗೆ ಇಷ್ಟು ಧಾನ್ಯ, ಇಷ್ಟು ಬೆಣ್ಣೆ, ಇಷ್ಟೇ ಉಪ್ಪು ಎಂದು ಸರ್ಕಾರದ ಕಾರ್ಡು ಗೋಡೆಗೆ ನೇತಾಡುತ್ತಿತ್ತು. ಅವಳು ಅದನ್ನು ಕಣ್ಣೆತ್ತಿ ನೋಡದೆ ಹದಿನೈದು ವರ್ಷವಾಗಿತ್ತು. ಕೈಗೇ ಗೊತ್ತಿತ್ತು. ರವೆಯಲ್ಲಿ ಒಂದು ಗಂಟು ಸಿಕ್ಕಿದರೆ ತೋರಿಸಿ ಎಂದು ಅವಳು ಯಾರ ಮುಂದೆ ಬೇಕಾದರೂ ಸವಾಲು ಹಾಕುತ್ತಿದ್ದಳು.

ಮನೆಯಲ್ಲಿ ಮಾತ್ರ ಗಂಜಿ ಎನ್ನುವ ಮಾತೇ ಎತ್ತುವಂತಿರಲಿಲ್ಲ. ದಿನವಿಡೀ ಅದರ ಹಬೆಯಲ್ಲಿ ಬೆಂದು ಬಂದವಳಿಗೆ ಸಂಜೆ ಬೇಕಾಗುತ್ತಿದ್ದುದು ಕಪ್ಪು ಬ್ರೆಡ್ಡು, ಉಪ್ಪು ಹಾಕಿದ ಮೀನು, ಕಡು ಚಹಾ. ಗಂಡ ಅವೆನೀರನಿಗೂ ಅದೇ ಸರಿ. ನದಿಬಂದರಿನಲ್ಲಿ ದೋಣಿ ಎಳೆಯುವ ಹಡಗಿನ ಮೆಕ್ಯಾನಿಕ್ ಅವನು. ಹುರಿದ ಆಲೂಗಡ್ಡೆ, ಹಂದಿಕೊಬ್ಬು, ಉಪ್ಪಿನಕಾಯಿ ಸೌತೆ ಇದ್ದರೆ ಅವನ ಲೋಕ ತುಂಬಿತು.

ಹೀಗಿದ್ದವನ ಹೊಟ್ಟೆಯಲ್ಲಿ ಆ ಚಳಿಗಾಲ ಹುಣ್ಣು ಒಡೆಯಿತು. ಆಸ್ಪತ್ರೆಯಲ್ಲಿ ಹೊಟ್ಟೆಯ ಒಂದು ಭಾಗ ಕತ್ತರಿಸಿ ತೆಗೆದು, ಫೆಬ್ರವರಿಯಲ್ಲಿ ಮನೆಗೆ ಕಳುಹಿಸಿದರು. ಜೊತೆಗೆ ಒಂದು ಹಾಳೆ: ಹುರಿದದ್ದು ಬೇಡ, ಹುಳಿ ಬೇಡ, ಖಾರ ಬೇಡ. ಮೂರು ಮೂರು ಗಂಟೆಗೊಮ್ಮೆ ಹಾಲಿನ ಗಂಜಿ.

"ಪುಣ್ಯವಂತ ಕಣಯ್ಯಾ ನೀನು," ಎಂದಳು ಕೆಳಗಿನ ಮನೆಯ ರುಫೀನಾ, ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. "ಇಡೀ ಊರಲ್ಲಿ ಗಂಜಿ ಅಂದ್ರೆ ಕಾಪಾ. ಆ ಕಾಪಾನೇ ನಿನ್ನ ಹೆಂಡ್ತಿ."

ಕಾಪಾ ಅಂದು ಸಂಜೆಯೇ ರವೆಗಂಜಿ ಮಾಡಿದಳು. ರೇಷ್ಮೆಯಂತೆ ನುಣುಪು. ಅವೆನೀರ ಎರಡು ಚಮಚ ತಿಂದು ತಟ್ಟೆ ದೂಡಿದ.

"ಏನಾಯ್ತು?"

"ಏನಿಲ್ಲ. ಇದು ಮಕ್ಕಳ ಗಂಜಿ."

"ಗಂಜಿಯಲ್ಲಿ ಮಕ್ಕಳದ್ದು, ಮುದುಕರದ್ದು ಅಂತ ಇರುತ್ತಾ?"

"ಇರುತ್ತೆ. ಇದು ಬಾಯಿಗೆ ಹೋದ್ರೆ ಮಧ್ಯಾಹ್ನ ಮಲಗು ಅಂತಾರೇನೋ ಅನ್ಸುತ್ತೆ."

ಮರುದಿನ ಓಟ್ಸ್. ಬೇಡ. ಆಮೇಲೆ ಅಕ್ಕಿ. ಅದೂ ಬೇಡ. ತನಗೆ ಬೇಕಾದ್ದು ಅಮ್ಮ ಹಳ್ಳಿಯ ಒಲೆಯಲ್ಲಿಟ್ಟು ಮಾಡುತ್ತಿದ್ದಂಥದ್ದು ಎಂದ. ಹೇಗಿತ್ತು ಅದು ಎಂದರೆ ಗೊತ್ತಿಲ್ಲ. ಗಟ್ಟಿಯೋ ತೆಳುವೋ? ನಡುವೆ. ಸಿಹಿಯೋ ಸಪ್ಪೆಯೋ? ಎರಡೂ ಅಲ್ಲ. "ತಿಂದ್ರೆ ಗೊತ್ತಾಗುತ್ತೆ" ಎಂದು ಹೇಳಿ ಗೋಡೆಯ ಕಡೆ ತಿರುಗಿ ಮಲಗಿದ. ಕಾಪಾಳಿಗೆ ಮೈಯೆಲ್ಲ ಉರಿದುಹೋಯಿತು. ನೂರಿಪ್ಪತ್ತು ಮಕ್ಕಳು, ಅದರಲ್ಲಿ ಅಳುಬುರುಕರು, ಉಗುಳುವವರು, ಮೇಜಿನಡಿ ತೂರುವವರು, ಎಲ್ಲರನ್ನೂ ಪಳಗಿಸಿದವಳು ಅವಳು. ಅರವತ್ತೊಂದು ವರ್ಷದ ಈ ಗಡ್ಡದ ಮಗು ಮಾತ್ರ ಬಾಯಿ ತೆರೆಯಲೊಲ್ಲದು.

ಅಷ್ಟರಲ್ಲಿ ಬಂದರಿನ ಗೆಳೆಯರು ಅವನನ್ನು ನೋಡಲು ಬಂದರು. ಮೊದಲಾಗಿದ್ದರೆ ಬಾಟಲಿ ತರುತ್ತಿದ್ದರು. ಈಗ ಅದು ಕೂಡದಲ್ಲ. ಎಲ್ಲರೂ ಸೇರಿ ದೊಡ್ಡ ಡಬ್ಬಿಯೊಂದನ್ನು ಮೇಜಿನ ಮೇಲಿಟ್ಟರು. ಒಳಗೆ ಮುಲ್ತಿವಾರ್ಕಾ, ಬಕೆಟ್ಟಿನಂಥ ಕರೆಂಟಿನ ಅಡುಗೆ ಪಾತ್ರೆ. ಮುಚ್ಚಳದ ಮೇಲೆ ಹಬೆ ಬಿಡುವ ಮೂಗು, ಮುಂದೆ ಹದಿನಾಲ್ಕು ಗುಂಡಿ.

"ಕಪಿತೊಲೀನಾ ಯೆಗೋರೊವ್ನಾ, ಇನ್ನು ನಿಮಗೆ ಕೆಲಸವೇ ಇಲ್ಲ," ಎಂದ ಅವರಲ್ಲೊಬ್ಬ. "ಗುಂಡಿ ಒತ್ತಿ ಮಲಗಿ. ಬೆಳಿಗ್ಗೆ ಗಂಜಿ ತಯಾರು."

"ಗಂಜಿ ಮಾಡೋಕೆ ನನಗೆ ಯಂತ್ರ ತಂದುಕೊಟ್ರಾ?" ಎಂದಳು ಕಾಪಾ. ಮೀನಿಗೆ ಯಾರಾದರೂ ಈಜು ಹೇಳಿಕೊಟ್ಟರೆ ಅದು ಹೇಗೆ ನೋಡೀತೋ ಹಾಗೆ ನೋಡಿದಳು. ಆದರೆ ಅವಳು ಬೆಳಿಗ್ಗೆ ಐದಕ್ಕೆ ಮನೆ ಬಿಡಬೇಕು, ಗಂಡನಿಗೆ ಏಳಕ್ಕೆ ಬಿಸಿ ಗಂಜಿ ಬೇಕು. ಬೇರೆ ದಾರಿ ಇರಲಿಲ್ಲ.

ಮೊದಲ ದಿನ 'ಹಾಲಿನ ಗಂಜಿ' ಎಂದು ಬರೆದಿದ್ದ ಗುಂಡಿಯನ್ನೇ ಒತ್ತಿದಳು. ಹತ್ತು ನಿಮಿಷಕ್ಕೆ ಯಂತ್ರದ ಮೂಗಿನಿಂದ ಹಾಲು ಬುಗ್ಗೆಯಾಗಿ ಚಿಮ್ಮಿತು. ಮೇಜಿನ ಮೇಲೆ ಹರಿಯಿತು, ಅಲ್ಲಿಂದ ಚಮಚದ ಡ್ರಾಯರಿಗೆ ಇಳಿಯಿತು, ಅಲ್ಲಿಂದ ಅವಳ ಚಪ್ಪಲಿಗೆ. ನಲವತ್ತು ಲೀಟರ್ ಹಾಲನ್ನು ಮೂವತ್ತೊಂದು ವರ್ಷ ಉಕ್ಕಿಸದೆ ಕಾಯಿಸಿದವಳ ಮನೆಯಲ್ಲಿ ಒಂದು ಲೀಟರ್ ಉಕ್ಕಿತು. ಮುಚ್ಚಳ ತೆರೆದು ಕದಡೋಣವೆಂದರೆ ಅದು ಬೀಗ ಹಾಕಿಕೊಂಡು ಕೂತಿದೆ. ಎರಡನೆಯ ದಿನ ಹಾಲು ಕಡಿಮೆ ಮಾಡಿದಳು. ವಾಲ್‌ಪೇಪರ್ ಅಂಟಿಸಬಹುದಾದಂಥ ಗೋಂದು ಬಂತು. ಮೂರನೆಯ ದಿನ ರಾತ್ರಿಯೇ ಹಾಲು, ಓಟ್ಸ್ ಹಾಕಿ ಬೆಳಗಿನ ಆರಕ್ಕೆ ಹೊತ್ತಿಕೊಳ್ಳಲಿ ಎಂದು ಸಮಯ ಕೊಟ್ಟಳು. ಮನೆ ಬೆಚ್ಚಗಿಡಲು ಒಲೆಯಂತೆ ಕಾಯುವ ಕೊಳವೆ ಹೀಟರಿನ ಪಕ್ಕದಲ್ಲಿ ರಾತ್ರಿಯಿಡೀ ಕೂತ ಹಾಲು ಒಡೆದು, ಅವಳು ಕೆಲಸದಿಂದ ಬರುವಷ್ಟರಲ್ಲಿ ಅವೆನೀರ ಮೊಸರೂ ಅಲ್ಲದ ಗಂಜಿಯೂ ಅಲ್ಲದ ಒಂದು ತಟ್ಟೆಯನ್ನು ಸಾಕ್ಷಿಯಾಗಿ ಮುಂದಿಟ್ಟುಕೊಂಡು ಕೂತಿದ್ದ.

"ಕದಡೋಕೆ ಬಿಡಲ್ಲ, ನೋಡೋಕೆ ಬಿಡಲ್ಲ, ಮೂಸೋಕೆ ಬಿಡಲ್ಲ!" ಎಂದು ಕಾಪಾ ಯಂತ್ರವನ್ನು ಎತ್ತಿಕೊಂಡು ಹೋಗಿ ಹಿಮ ತುಂಬಿದ ಬಾಲ್ಕನಿಯಲ್ಲಿ, ಎಲೆಕೋಸಿನ ಪೀಪಾಯಿಯ ಪಕ್ಕ ಕುಕ್ಕಿದಳು. "ಕುರುಡಿಯಾಗಿ ಅಡುಗೆ ಮಾಡು ಅಂದ ಹಾಗಾಯ್ತು. ಇರಲಿ ಇಲ್ಲೇ, ಹೆಪ್ಪುಗಟ್ಟಿ ಸಾಯಲಿ."

ಅವಳು ಕೆಲಸಕ್ಕೆ ಹೋದ ಮೇಲೆ ಅವೆನೀರ ಅದನ್ನು ಒಳಗೆ ತಂದ. ಅಡುಗೆ ಅವನಿಗೆ ತಿಳಿಯದು. ಕವಾಟ, ಒತ್ತಡ, ಹಬೆ ತಿಳಿದಿತ್ತು. ಕಾಪಾ ಸಂಜೆ ಬಂದಾಗ ಯಂತ್ರದ ಮೂಗು, ಮುಚ್ಚಳದ ರಬ್ಬರ್ ಬಳೆ, ತಿರುಪುಗಳು ಅಡುಗೆಮನೆಯ ಮೇಜಿನ ತುಂಬ ಹಳೆ ಪತ್ರಿಕೆಯ ಮೇಲೆ ಹರಡಿದ್ದವು. ಪಕ್ಕದಲ್ಲಿ ಒಂದು ನೋಟ್‌ಬುಕ್ಕು.

"ಇದೇನು ಹಡಗುಕಟ್ಟೆ ಅಂದ್ಕೊಂಡ್ಯಾ?"

"ಕವಾಟ ಸಣ್ಣದು. ಹಾಲಿನ ನೊರೆ ಮೇಲೆ ಬಂದು ಅಡ್ಡ ಕೂರುತ್ತೆ. ಪಾತ್ರೆ ಅಂಚಿಗೆ ಸುತ್ತ ಬೆಣ್ಣೆ ಸವರಿದ್ರೆ ನೊರೆ ಅಲ್ಲಿಗೇ ನಿಲ್ಲುತ್ತೆ."

"ಅದನ್ನ ನನಗೆ ಹೇಳ್ತಿದ್ದೀಯಾ?"

"ಗೊತ್ತಿದ್ರೆ ನೀನ್ಯಾಕೆ ಸವರಲಿಲ್ಲ?"

ಹಂಡೆಯ ಮುಂದೆ ಸೌಟು ಹಿಡಿದು ನಿಂತವಳಿಗೆ ಬೆಣ್ಣೆಯ ಗೆರೆ ಎಂದೂ ಬೇಕಾಗಿರಲಿಲ್ಲ. ಅವಳು ಕಪಾಟಿನ ಬಾಗಿಲನ್ನು ಅಗತ್ಯಕ್ಕಿಂತ ಜೋರಾಗಿ ಮುಚ್ಚಿ ಮೀನಿನ ಡಬ್ಬಿ ತೆರೆದಳು.

ಅಲ್ಲಿಂದ ಮುಂದೆ ದಿನಕ್ಕೊಂದು ಪರೀಕ್ಷೆ. ಒಂದು ಲೋಟ ಬರಗಿಗೆ ನಾಲ್ಕು ಲೋಟ ಹಾಲು, ಐದು ಲೋಟ, ಮೂರು ಹಾಲು ಎರಡು ನೀರು. ಅವೆನೀರ ಇಂಜಿನ್ನಿನ ದಿನಚರಿ ಬರೆದಂತೆ ಬರೆದ: 'ತೆಳು', 'ಕಹಿ', 'ಕಹಿ ಇಲ್ಲ, ಮೂರು ಸಲ ತೊಳೆದಿದ್ದು'. ಬರಗನ್ನು ಕುದಿನೀರಲ್ಲಿ ತೊಳೆದರೆ ಕಹಿ ಹೋಗುತ್ತದೆಂದು ಶಿಶುವಿಹಾರದ ಪಾತ್ರೆ ತೊಳೆಯುವವಳಿಗೂ ಗೊತ್ತು. ಅವನು ಅದನ್ನು ಹನ್ನೊಂದು ದಿನಕ್ಕೆ ಕಂಡುಹಿಡಿದು, ಹೆಂಡತಿಗೆ ಸುದ್ದಿಯಂತೆ ಹೇಳಿದ. ಅವಳು ಹಲ್ಲು ಕಚ್ಚಿಕೊಂಡಳು.

ಮಾರ್ಚಿನ ಒಂದು ಮಧ್ಯಾಹ್ನ ಅವನು ಗಂಜಿಗಿಟ್ಟು ನಿದ್ದೆಹೋದ. ಬೆಂದ ಮೇಲೆ ಯಂತ್ರ ತಾನಾಗಿಯೇ ಬೆಚ್ಚಗಿಡುವ ಕೆಲಸಕ್ಕೆ ತಿರುಗಿ, ನಾಲ್ಕು ಗಂಟೆ ಹಾಗೇ ಇತ್ತು. ಕಾಪಾ ಮನೆಗೆ ಬಂದವಳೇ ಮುಚ್ಚಳ ತೆರೆದಳು. ಬಿಳಿಯಿದ್ದ ಹಾಲು ಕೆನೆಗಂದು ಬಣ್ಣಕ್ಕೆ ತಿರುಗಿದೆ, ಮೇಲೆ ದಪ್ಪನೆಯ ಕಂದು ಕೆನೆ, ಅಂಚಿನಲ್ಲಿ ಕರಕಲು.

"ಹೋಯ್ತು. ಬಿಸಾಕು," ಎಂದಳು.

ಅವೆನೀರ ಕಣ್ಣುಜ್ಜಿಕೊಂಡು ಬಂದು ಒಂದು ಚಮಚ ತೆಗೆದು ಬಾಯಿಗಿಟ್ಟ. ಇನ್ನೊಂದು ಚಮಚ. ಆಮೇಲೆ ನಿಂತಲ್ಲೇ ಪಾತ್ರೆಯ ಅರ್ಧ ಖಾಲಿ ಮಾಡಿದ.

"ಇದೇ ಕಣೇ," ಎಂದ. "ಅಮ್ಮ ಬೆಳಿಗ್ಗೆ ಒಲೆಯೊಳಗೆ ದೂಡಿ ಹೊಲಕ್ಕೆ ಹೋಗ್ತಿದ್ಳು. ಸಂಜೆ ತೆಗೀತಿದ್ಳು. ಇದೇ."

ಕಾಪಾ ಕೋಟು ಕೂಡ ಬಿಚ್ಚಿರಲಿಲ್ಲ. ಆಪರೇಷನ್ನಾದ ಮೇಲೆ ಅವನು ಹೀಗೆ ತಿಂದದ್ದು ಅದೇ ಮೊದಲು. ಅದು ಅವಳಿಗೆ ಕಂಡಿತು, ಎದೆಯೂ ಹಗುರಾಯಿತು. ಅದರ ಬೆನ್ನಿಗೇ ಸಿಟ್ಟು ಏರಿತು. "ಮೂವತ್ತೊಂದು ವರ್ಷದ ಕಸುಬು ಒಂದು ಕಡೆ," ಎಂದಳು, "ಬಾಯ್ಬಿಟ್ಕೊಂಡು ಮಲಗಿದವನ ಗೊರಕೆ ಒಂದು ಕಡೆ. ಗೊರಕೆನೇ ಗೆದ್ದಿತು."

ಏಪ್ರಿಲ್ ಹೊತ್ತಿಗೆ ಅವೆನೀರ ಗಂಜಿಯ ಪ್ರವಾದಿಯೇ ಆದ. ಮೆಟ್ಟಿಲ ಮೇಲೆ ಸಿಕ್ಕವರಿಗೆಲ್ಲ ಅದೇ ಮಾತು. ಒಂದು ಭಾನುವಾರ ರುಫೀನಾ ಮೇಲೆ ಬಂದಳು. ಕಾಪಾ ಬಾಗಿಲು ತೆಗೆದರೆ ಅವಳ ಭುಜದ ಮೇಲಿನಿಂದ ಒಳಗೆ ಇಣುಕಿ, "ಅವೆನೀರ್ ಪಖೋಮಿಚ್ ಇದ್ದಾರಾ? ಗಂಜಿ ಮಾಡೋದು ಹೇಗೆ ಅಂತ ಕೇಳ್ಬೇಕಿತ್ತು," ಎಂದಳು.

ಕಾಪಾ ಬಾಗಿಲ ಹಿಡಿ ಹಿಡಿದುಕೊಂಡೇ ನಿಂತಳು. "ಯಾರನ್ನ ಕೇಳ್ಬೇಕಿತ್ತು?"

"ಅಯ್ಯೋ ಕಾಪಾ, ನೀನು ದೊಡ್ಡ ಹಂಡೆಯವಳು. ಇದು ಮನೆ ಗಂಜಿ..."

"ನಿನ್ನ ಇಬ್ಬರು ಮಕ್ಕಳೂ ನನ್ನ ಹಂಡೆಯಿಂದಲೇ ಬೆಳೆದಿದ್ದು, ರುಫೀನಾ! ದೊಡ್ಡವನು ಎರಡು ಸಲ ಹಾಕಿಸ್ಕೊಂಡು ತಿಂತಿದ್ದ!"

"ಅದಕ್ಕೇ ಈಗ ಮದುವೆಯಾದ ಮೇಲೂ ಗಂಜಿ ಅಂದ್ರೆ ಓಡಿಹೋಗ್ತಾನೆ," ಎಂದು ನಕ್ಕಳು ರುಫೀನಾ. ಅವಳದು ತಮಾಷೆಯೇ. ಆದರೆ ನೋಟ್‌ಬುಕ್ ಹಿಡಿದು ಅವೆನೀರ ಹೊರಗೆ ಬಂದು, "ಬಾ, ಮೂರಕ್ಕೆ ಎರಡರ ಲೆಕ್ಕ ಬರ್ಕೋ," ಎಂದಾಗ ಕಾಪಾ ಶಾಲು ಹೊದ್ದು ನೇರ ನದಿಯ ಕಡೆಗೆ ನಡೆದಳು.

ಮಂಜುಗಡ್ಡೆ ಒಡೆದು ತೇಲುವುದನ್ನು ಒಂದು ತಾಸು ನೋಡಿ ಬಂದವಳಿಗೆ ಅವೆನೀರ ಮೆಲ್ಲಗೆ ಕೇಳಿದ: "ಸರಿ, ನಿನಗೆ ಹೇಗೆ ಬೇಕು ಹೇಳು. ನಿನಗೂ ಮಾಡ್ಕೊಡ್ತೀನಿ."

"ನನಗೆ ಏನು ಬೇಕು?"

"ಗಂಜಿ. ನಿನ್ನ ಇಷ್ಟದ್ದು."

"ನನಗೆ ಗಂಜಿ ಇಷ್ಟವಿಲ್ಲ!"

"ಯಾವತ್ತಾದ್ರೂ ಕೂತು ತಿಂದಿದ್ದೀಯಾ?"

ಇಲ್ಲ. ಉಪ್ಪು ನೋಡಲು ಚಮಚದ ತುದಿ ನಾಲಿಗೆಗೆ ಮುಟ್ಟಿಸಿದ್ದು ಲೆಕ್ಕಕ್ಕೆ ಸಿಕ್ಕದಷ್ಟು ಸಲ. ತಟ್ಟೆಗೆ ಹಾಕಿಕೊಂಡು ಕೂತದ್ದು ಒಮ್ಮೆಯೂ ಇಲ್ಲ. ಆ ಪ್ರಶ್ನೆ ಹಲ್ಲಿನ ಸಂದಿಯ ಮೀನಿನ ಮುಳ್ಳಿನಂತೆ ವಾರವಿಡೀ ಕಾಡಿತು. ಹಂಡೆಯ ಮುಂದೆ ನಿಂತು ಗೋಡೆಯ ಕಾರ್ಡನ್ನು ಬಹಳ ವರ್ಷಗಳ ಮೇಲೆ ಓದಿದಳು. ಹುರಿದ ಈರುಳ್ಳಿ ಕೂಡದು. ಮೆಣಸು ಕೂಡದು. ಹಂದಿಕೊಬ್ಬು ಕೂಡದು. ಮಕ್ಕಳ ಹೊಟ್ಟೆಗೆ ಸರಿಯಾದ ಮಾತೇ. ಆದರೆ ಅವಳೇನು ಮಗುವೇ?

ಶನಿವಾರ ಅವೆನೀರ ತಪಾಸಣೆಗೆಂದು ಆಸ್ಪತ್ರೆಗೆ ಹೋದ. ಕಾಪಾ ಅವನ ನೋಟ್‌ಬುಕ್ಕನ್ನು ಬೀರುವಿನ ಮೇಲೆಸೆದು, ಯಂತ್ರವನ್ನು ಹತ್ತಿರಕ್ಕೆಳೆದುಕೊಂಡಳು. ಹುರಿಯುವ ಗುಂಡಿ ಒತ್ತಿ ಹಂದಿಕೊಬ್ಬಿನ ಚೂರು ಹಾಕಿದಳು. ಎರಡು ದೊಡ್ಡ ಈರುಳ್ಳಿ. ಅವು ಕೆಂಪಗಾದ ಮೇಲೆ ಬಾರ್ಲಿ, ನೀರು, ಕೈತುಂಬ ಉಪ್ಪು. ಹಾಲಿಲ್ಲ, ಸಕ್ಕರೆಯಿಲ್ಲ. ಒಂದೂವರೆ ಗಂಟೆಯ ನಂತರ ಮುಚ್ಚಳ ತೆರೆದು ಕರಿಮೆಣಸನ್ನು ಕಣ್ಣಲ್ಲಿ ನೀರು ಬರುವಷ್ಟು ಅರೆದು ಸುರಿದಳು. ಚಮಚ ನೆಟ್ಟಗೆ ನಿಂತಿತು. ಶಿಶುವಿಹಾರದ ತನಿಖೆಯವರು ಅದನ್ನು ಕಂಡಿದ್ದರೆ ಅವಳನ್ನು ಅಂದೇ ಮನೆಗೆ ಕಳುಹಿಸುತ್ತಿದ್ದರು. ಅವಳು ಮೇಜಿನ ಮುಂದೆ ಕೂತು ತುಂಬಿದ ತಟ್ಟೆ ತಿಂದಳು. ಮತ್ತೆ ಅರ್ಧ ತಟ್ಟೆ. ಮೂಗು ಸೋರುತ್ತಿತ್ತು, ಕಿವಿ ಬಿಸಿಯಾಗಿತ್ತು. 'ಅಯ್ಯೋ ದರಿದ್ರದವಳೇ,' ಎಂದು ತನಗೆ ತಾನೇ ಹೇಳಿಕೊಂಡಳು, 'ಇಷ್ಟು ವರ್ಷ ಎಲ್ಲಿದ್ದೆ?'

ಅವೆನೀರ ಮೆಟ್ಟಿಲಲ್ಲೇ ವಾಸನೆ ಹಿಡಿದು ಬಂದ. ತಿನ್ನುವಂತಿಲ್ಲ, ಅದು ಅವನ ಮೊದಲ ಸಂಕಟ. ಎರಡನೆಯದು ಮರುದಿನ ಬೆಳಿಗ್ಗೆ ತಿಳಿಯಿತು.

"ಕಾಪಾ! ನನ್ನ ಹಾಲುಗಂಜಿ ಈರುಳ್ಳಿ ಹೊಡೀತಿದೆ!"

"ತೊಳ್ದಿದ್ದೀನಿ."

"ರಬ್ಬರ್ ಬಳೆ ಹಿಡ್ಕೊಂಡಿದೆ ವಾಸನೇನ! ಒಂದು ತಿಂಗಳ ಕೆಲಸ ಹಾಳಾಯ್ತು!"

"ಹೌದಾ? ಈಗ ಗೊತ್ತಾಯ್ತಾ ನಿನಗೆ," ಎಂದಳು ಕಾಪಾ, ಬಹಳ ದಿನಗಳ ಮೇಲೆ ಮನಸಾರೆ, "ಮಾಡಿದ ಗಂಜಿ ದಂಡವಾದ್ರೆ ಹೇಗಿರುತ್ತೆ ಅಂತ?"

ಅವನು ವಿನೆಗರಿನಲ್ಲಿ ನೆನೆಸಿದ, ನಿಂಬೆ ಉಜ್ಜಿದ. ಬಂದರಿನಿಂದ ರಬ್ಬರ್ ಹಾಳೆ ತಂದು ಹೊಸ ಬಳೆ ಕತ್ತರಿಸಿ ಹಾಕಿದ. ಗಂಜಿಗೆ ಡೀಸೆಲ್ ಹಡಗಿನ ರುಚಿ ಬಂತು. ಕಾಪಾ ಆ ಚಮಚವನ್ನು ನಾಲಿಗೆಗೆ ಮುಟ್ಟಿಸಿ, ಸಿಂಕಿಗೆ ಉಗಿದು, ಗೋಡೆ ಹಿಡಿದುಕೊಂಡು ನಕ್ಕಳು. ಅವನಿಗೆ ಮೊದಲು ಕೋಪ ಬಂತು. ಆಮೇಲೆ ಅವನೂ ನಕ್ಕ, ಹೊಲಿಗೆಯ ಜಾಗ ಕೈಯಲ್ಲಿ ಒತ್ತಿಹಿಡಿದುಕೊಂಡು.

ಜೂನಿನ ರಜೆಯಲ್ಲಿ ಕಾಪಾ ವೊಲೊಗ್ದಾ ಪಟ್ಟಣಕ್ಕೆ ಹೋಗಿ ತನಗೆಂದೇ ಎರಡನೆಯ ಮುಲ್ತಿವಾರ್ಕಾ ತಂದಳು. ಬಸ್ಸಿನಲ್ಲಿ ಐದು ತಾಸು ಅದನ್ನು ಮಡಿಲಲ್ಲೇ ಇಟ್ಟುಕೊಂಡಿದ್ದಳು. ಎರಡನ್ನೂ ಒಟ್ಟಿಗೆ ಹಾಕಿದ ಮೊದಲ ಬೆಳಿಗ್ಗೆಯೇ ಆ ಹಳೆ ಕಟ್ಟಡದ ಫ್ಯೂಸು ಹಾರಿ, ಆ ಮೆಟ್ಟಿಲ ಸಾಲಿನ ಮನೆಗಳೆಲ್ಲ ಕರೆಂಟಿಲ್ಲದೆ ಕೂತವು. ರುಫೀನಾ ರಾತ್ರಿಯಂಗಿಯಲ್ಲೇ ಮೇಲೆ ಬಂದು ಇಬ್ಬರಿಗೂ ಸೇರಿಸಿ ಬೈದಳು.

ಅಂದಿನಿಂದ ಸರದಿ. ಅವನ ಹೊಟ್ಟೆಗೆ ಸಮಯ ಮುಖ್ಯವಾದ್ದರಿಂದ ಅವನದು ಮೊದಲು, ಅವಳದು ಆಮೇಲೆ. ಅವನ ಗಂಜಿಗೆ ನಾಲ್ಕು ತಾಸು ಬೇಕು. ಶರತ್ಕಾಲದ ಹೊತ್ತಿಗೆ ಅವನು ಆರು ಕಿಲೋ ತೂಕ ಹೆಚ್ಚಿ ಕೆಲಸಕ್ಕೆ ಮರಳಿದ. ಕಾಪಾ ಶಿಶುವಿಹಾರದಲ್ಲಿ ಎಂದಿನಂತೆ ಕಾರ್ಡಿನ ಪ್ರಕಾರ ಹಾಲು ಕಾಯಿಸಿದಳು, ಗಂಟಿಲ್ಲದ ರವೆ ಬಡಿಸಿದಳು. ಆದರೆ ರಜೆಯ ದಿನ ಬೆಳಿಗ್ಗೆ ಹನ್ನೊಂದಾಗುತ್ತಲೇ ಕೈಯಲ್ಲಿ ಪ್ಲಗ್ಗು ಹಿಡಿದು ಅವನ ಯಂತ್ರದ ಪಕ್ಕ ನಿಂತು ಕೂಗುತ್ತಿದ್ದಳು:

"ಆಯ್ತೋ ಇಲ್ವೋ ಮಾರಾಯಾ? ನಿನ್ನಮ್ಮ ಹೊಲಕ್ಕೆ ಹೋಗಿದ್ಳು, ಸರಿ. ನಾನು ಇಲ್ಲೇ ನಿಂತಿದ್ದೀನಿ. ನನಗೆ ಹಸಿವು!"