ಸರೋವರದ ದಂಡೆಯಲ್ಲಿ ಎರಡು ಏಕಾದಶಿ

ಅಥವಾ ಆ ಮಣ್ಣಿನ ಮನೆಯ ಬಾಗಿಲು ನೀಲಿಯಾಗಿರಲೇ ಇಲ್ಲವೇನೋ. ನೀಲಿ ಎಂದು ಎಷ್ಟು ಜನಕ್ಕೆ ಹೇಳಿಬಿಟ್ಟಿದ್ದೇನೆಂದರೆ, ಈಗ ಕಣ್ಣು ಮುಚ್ಚಿದರೆ ನೀಲಿಯೇ ಕಾಣುತ್ತದೆ. ಅದು ಬಾಗಿಲಿನ ಬಣ್ಣವೋ ನನ್ನ ಮಾತಿನ ಬಣ್ಣವೋ ಹೇಳಲಾರೆ. ಅತ್ತೆಯನ್ನು ಕೇಳಿದರೆ ಹಸಿರು ಎನ್ನುತ್ತಾರೆ. ಅವರು ಅಲ್ಲಿದ್ದಷ್ಟು ದಿನವೂ ಕಪ್ಪು ಕನ್ನಡಕ ತೆಗೆದವರಲ್ಲ, ಹಾಗಾಗಿ ಅವರ ಸಾಕ್ಷಿಯೂ ನಡೆಯುವುದಿಲ್ಲ.

ಇಬ್ಬರೂ ಒಪ್ಪುವುದು ಇಷ್ಟು: ಪೆರು ದೇಶದಲ್ಲಿ, ಆಂಡೀಸ್ ಬೆಟ್ಟಗಳ ಮೇಲೆ, ಟಿಟಿಕಾಕಾ ಸರೋವರದ ದಂಡೆಯ ಒಂದು ಹಳ್ಳಿಯಲ್ಲಿ, ರೈತ ದಂಪತಿಯ ಮಣ್ಣಿನ ಮನೆಯಲ್ಲಿ ನಾವು ಅತಿಥಿಗಳಾಗಿದ್ದೆವು. ಅತ್ತೆ ಅಲ್ಲಿ ಊಟ ಮಾಡಿದರು. ಯಾಕೆ ಮಾಡಿದರು ಎಂಬಲ್ಲಿಂದ ಜಗಳ ಶುರು.

ಅತ್ತೆ ಎಂದರೆ ನನ್ನ ತಂದೆಯ ತಂಗಿ. ನಮ್ಮದು ಮದರಾಸಿನಲ್ಲೇ ಹಲವು ತಲೆಮಾರು ಕಳೆದ ಮಾಧ್ವರ ಮನೆ. ಈರುಳ್ಳಿ ನಮ್ಮ ಅಡುಗೆಮನೆಗೆ ಬಂದದ್ದೇ ನನ್ನ ಮದುವೆಯ ನಂತರ, ಅದೂ ಬಾಲ್ಕನಿಯ ದಾರಿಯಿಂದ. ಅತ್ತೆ ನುಂಗಂಬಾಕ್ಕಂನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ನಿವೃತ್ತಿಯವರೆಗೆ ಭೂಗೋಳ ಕಲಿಸಿದವರು. ಹಡಗು ಓಡುವ ಸರೋವರಗಳಲ್ಲಿ ಎಲ್ಲಕ್ಕಿಂತ ಎತ್ತರದ್ದು ಯಾವುದು ಎಂಬ ಪ್ರಶ್ನೆಯನ್ನು ಅವರು ಯಾವ ಪರೀಕ್ಷೆಯಲ್ಲೂ ಬಿಟ್ಟಿರಲಿಲ್ಲವಂತೆ. ಒಂದು ಬೆಳಿಗ್ಗೆ ನಮ್ಮ ಅಣ್ಣಾ ನಗರ್ ಮನೆಯಲ್ಲಿ ಕಾಫಿ ಕುಡಿಯುತ್ತ, "ಅದು ಅಲ್ಲಿ ಇದೆಯೋ ಇಲ್ವೋ ನಾನೇ ನೋಡಿಲ್ಲವಲ್ಲೋ. ಸುಮ್ನೆ ಮಾರ್ಕ್ ಕೊಟ್ಟೆ," ಎಂದರು. ಅವರು ಮಾರ್ಕ್ ಕೊಟ್ಟ ಪಾಪಕ್ಕೆ ನಾನು ಜೊತೆಗೆ ಹೊರಟೆ.

ಅತ್ತೆಯ ನೇಮ ಸರಳ. ಹುಟ್ಟಿದಂದಿನಿಂದ ಮೀನು ಮಾಂಸ ಬೆಂದ ಪಾತ್ರೆಯದ್ದನ್ನು ತಿಂದಿಲ್ಲ, ಹಾಗೆಯೇ ಹೋಗಬೇಕು. ಅದಕ್ಕಾಗಿ ಒಂದು ಸೂಟ್‌ಕೇಸಿನ ತುಂಬ ಅವಲಕ್ಕಿ, ಗೊಜ್ಜು, ಚಟ್ನಿಪುಡಿ, ಜೊತೆಗೆ ಕರೆಂಟಿನ ಕೆಟಲ್. ಸರೋವರದವರೆಗೆ ಕೆಟಲ್ ಕೈ ಬಿಡಲಿಲ್ಲ. ಆ ಮನೆಯಲ್ಲಿ ಬಿಸಿಲಿನ ಫಲಕದಿಂದ ಒಂದು ಬಲ್ಬು ಉರಿಯುತ್ತಿತ್ತು, ಅಷ್ಟೇ. ಕೆಟಲ್ ಹಚ್ಚಿದೆವು, ಬಲ್ಬು ಆರಿತು. ಮನೆಯೊಡತಿ ಕೆಟಲ್ಲನ್ನು ಎರಡೂ ಕೈಯಲ್ಲಿ ಎತ್ತಿ, ತಿರುಗಿಸಿ ನೋಡಿ, ಹೂವಿನ ಪಕ್ಕ ಅಲಂಕಾರಕ್ಕೆ ಇಟ್ಟಳು.

ಅವಳಿಗೆ ನಲವತ್ತರ ಆಸುಪಾಸು. ಒಂದರ ಮೇಲೊಂದು ಲಂಗ, ಎರಡು ಜಡೆ, ನಗುವಾಗ ಬಾಯಿಗೆ ಅಡ್ಡ ಬರುವ ಶಾಲು. ಗಂಡ ನಡೆಯುತ್ತಲೇ ಉಣ್ಣೆಯ ಟೋಪಿ ಹೆಣೆಯುವವನು. ಅಲ್ಲಿ ಹೆಣಿಗೆ ಗಂಡಸರ ಕೆಲಸ. "ನೋಡ್ಕೋ," ಎಂದರು ಅತ್ತೆ ನನಗೆ, "ನಿನಗೆ ಷರ್ಟಿನ ಗುಂಡಿ ಹೊಲಿಯೋಕೆ ಬರಲ್ಲ." ಹಳ್ಳಿಯಲ್ಲಿ ಅತಿಥಿಗಳನ್ನು ಮನೆಮನೆಗೆ ಸರದಿಯ ಮೇಲೆ ಕಳಿಸುತ್ತಾರೆ. ಅಂದು ಇವಳ ಸರದಿ. ಪಕ್ಕದ ಮನೆಯವಳು ಗೋಡೆಯಾಚೆಯಿಂದ ನಮ್ಮ ತಟ್ಟೆಗಳನ್ನೇ ನೋಡುತ್ತಿದ್ದಳು.

ಮೊದಲ ಸಂಜೆ ತಟ್ಟೆ ಬಂದಾಗ ಅತ್ತೆ ಕೈ ಮುಗಿದು, "ಇವತ್ತು ಏಕಾದಶಿ ಅಂತ ಹೇಳು," ಎಂದರು.

"ಇವತ್ತಲ್ಲವಲ್ಲ ಅತ್ತೆ."

"ಇಲ್ಲಿ ಸೂರ್ಯ ಲೇಟಾಗಿ ಬರ್ತಾನೆ. ಹೇಳು ಸಾಕು."

ಫೋನಿನಲ್ಲಿ ಕಲಿತ ನನ್ನ ಹರಕು ಸ್ಪ್ಯಾನಿಷಿನಲ್ಲಿ, ಈ ದಿನ ಉಣ್ಣಬಾರದೆಂದು ಅವರ ದೇವರು ಹೇಳಿದ್ದಾನೆ ಎಂದೆ. ಅವಳು ಬೇಸರಿಸಲಿಲ್ಲ. ಪುದೀನದಂಥ ಒಂದು ಸೊಪ್ಪು ಹಾಕಿ ಬಿಸಿನೀರು ತಂದುಕೊಟ್ಟಳು. ಅತ್ತೆ ಲೋಟವನ್ನು ತುಟಿಗೆ ತಾಗಿಸದೆ ಮೇಲಿನಿಂದ ಬಾಯಿಗೆ ಸುರಿದುಕೊಂಡಾಗ ಗಂಡನ ಕೈಯ ಸೂಜಿ ನಿಂತಿತು. ಅವನೂ ಪ್ರಯತ್ನಿಸಿದ. ಟೋಪಿ ಒದ್ದೆಯಾಯಿತು.

ಮರುದಿನವೂ ಏಕಾದಶಿಯೇ. ಡಬ್ಬಿಯ ಅವಲಕ್ಕಿ ತಣ್ಣೀರಿನಲ್ಲಿ ನೆನೆದು ಹಿಂದಿನ ರಾತ್ರಿಗೇ ಮುಗಿದಿತ್ತು. ಉಳಿದ ಸೂಟ್‌ಕೇಸು ದೋಣಿಕಟ್ಟೆಯ ಊರಿನ ಹೋಟೆಲಿನಲ್ಲಿ. ಅತ್ತೆಗೆ ತಲೆನೋವು, ಎದ್ದರೆ ಕಣ್ಣು ಕತ್ತಲೆ. ಆ ಎತ್ತರದಲ್ಲಿ ಹೊಟ್ಟೆ ಖಾಲಿ ಬಿಡಬೇಡಿ ಎಂದು ಎಲ್ಲರೂ ಹೇಳಿದ್ದರು. ನಾನು ಹೆದರಿದ್ದೆ. ಹೆದರಿದ್ದೆನೋ ಅಥವಾ ಊರಿಗೆ ಬಂದ ಮೇಲೆ ಹೆದರಿದೆನೋ, ಆ ದಿನ ಬಿಸಿಲಲ್ಲಿ ಕೂತು ಕುರಿಗಳ ಚಿತ್ರ ತೆಗೆದದ್ದೂ ನಿಜ.

"ಇವತ್ತು ಕೂಡವೇ?" ಎಂದಳು ಮನೆಯೊಡತಿ ನನಗೆ. "ನಿಮ್ಮ ದೇವರು ನನ್ನ ಅಡುಗೆ ರುಚಿ ನೋಡಿದ್ದಾನೆಯೇ? ಕೇಳಿ ಅವರನ್ನು."

ಕೇಳಿದೆ. ಅತ್ತೆ ಕೈಚೀಲದಿಂದ ಚಟ್ನಿಪುಡಿಯ ಡಬ್ಬಿ ತೆಗೆದು, ಸಂಧಾನಕ್ಕೆಂಬಂತೆ ಅವಳ ಮುಂದಿಟ್ಟರು. ಅವಳು ಬೇಯಿಸಿದ ಆಲೂಗಡ್ಡೆಯನ್ನು ಅದರಲ್ಲಿ ಅದ್ದಿದಳು. ಮೂಸಿದಳು. ಗಂಡನಿಗೂ ಮೂಸಲು ಕೊಟ್ಟಳು. ಇಬ್ಬರೂ ತಮ್ಮ ಭಾಷೆಯಲ್ಲಿ ಗುಸುಗುಸು ಮಾತಾಡಿ ನನ್ನನ್ನು ಕೇಳಿದರು: ಇದರಲ್ಲಿರುವುದು ಯಾವ ಮೀನು?

ಆ ಪ್ರಶ್ನೆಯನ್ನು ಕನ್ನಡಕ್ಕೆ ತರಬಾರದಿತ್ತು, ತಂದುಬಿಟ್ಟೆ.

"ಮೀನಾ? ಅದು ಇಂಗು ಕಣೋ. ಪೆರುಂಗಾಯಂ. ಹೇಳು ಅವಳಿಗೆ."

ಇಂಗಿಗೆ ಸ್ಪ್ಯಾನಿಷಿನಲ್ಲಿ ಏನೆನ್ನುತ್ತಾರೋ ತಿಳಿಯದೆ, ಒಂದು ಗಿಡದ ಹಾಲು ಎಂದೆ. ಅವಳು ನನ್ನ ಕಡೆ ಕರುಣೆಯಿಂದ ನೋಡಿದಳು. ಅವರಲ್ಲಿ ಸರೋವರದ ಸಣ್ಣ ಮೀನನ್ನು ಒಣಗಿಸಿ ಇಡುತ್ತಾರೆ. ಅದರ ವಾಸನೆ ಅವಳಿಗೆ ಗೊತ್ತಿಲ್ಲವೇ. ಆದರೂ ಇನ್ನೊಂದು ಆಲೂಗಡ್ಡೆ ಅದ್ದಿಕೊಂಡಳು.

ಆಮೇಲೆ ಬಂದದ್ದು ಸಾರು. ಕೀನ್ವಾ ಕಾಳು, ಆಲೂಗಡ್ಡೆ, ಏನೋ ಸೊಪ್ಪು. ಮಾಂಸ ಇಲ್ಲವಲ್ಲ ಎಂದು ಕೇಳಿದೆ, ಅವಳು ತಲೆಯಾಡಿಸಿದಳು. ಕುರಿ ಹಾಕಿದ್ದೀರಾ ಎಂದು ಕೇಳಿದೆ. ಅದಕ್ಕೂ ಹಾಗೆಯೇ ತಲೆಯಾಡಿಸಿದಳು.

ಇಲ್ಲಿಂದ ಮುಂದೆ ನಾನು ಎಲ್ಲರಿಗೂ ಹೇಳುವ ಕಥೆ ಹೀಗೆ. ಗಂಡ ತನ್ನ ಲೋಟ ಎತ್ತಿ, ಕುಡಿಯುವ ಮೊದಲು ನಾಲ್ಕು ಹನಿ ನೆಲಕ್ಕೆ ಚೆಲ್ಲಿದ. ಭೂಮಿತಾಯಿಗೆ ಮೊದಲು, ತಮಗೆ ಆಮೇಲೆ ಎಂಬುದು ಅವರ ಪದ್ಧತಿ. ಅತ್ತೆ ಕನ್ನಡಕದ ಮೇಲಿಂದ ನೋಡಿದರು. "ಇವನು ಪರಿಷೇಚನೆ ಮಾಡ್ತಾನಲ್ಲೋ," ಎಂದರು. ನಮ್ಮ ಮನೆಯ ಗಂಡಸರು ಊಟಕ್ಕೆ ಮೊದಲು ಎಲೆಯ ಸುತ್ತ ನೀರು ಕಟ್ಟುವುದನ್ನು ನೋಡಿಯೇ ಬೆಳೆದವರು ಅವರು. "ನೀನು ಬಿಟ್ಟು ಎಷ್ಟು ವರ್ಷ ಆಯ್ತು?" ಎಂದು ನನಗೊಂದು ಕುಟುಕಿ, ಬಟ್ಟಲು ಎಳೆದುಕೊಂಡು, ಸಾರು ಕುಡಿದರು. ಎರಡನೆಯ ಸಲವೂ ಹಾಕಿಸಿಕೊಂಡರು. ಮನೆಯೊಡತಿ ಖಾಲಿ ಬಟ್ಟಲನ್ನು ಗೋಡೆಯಾಚೆಯವಳಿಗೆ ಕಾಣುವಷ್ಟು ಎತ್ತರ ಹಿಡಿದು ತೊಳೆದಳು.

ಚೆನ್ನಾಗಿದೆ. ಅದೇ ತೊಂದರೆ. ಅಷ್ಟು ಚೆನ್ನಾಗಿರುವುದನ್ನು ಕಂಡರೆ ನನಗೆ ಅನುಮಾನ.

ಹೋದ ತಿಂಗಳು ಹಳೆಯ ಫೋನಿನ ಚಿತ್ರಗಳನ್ನು ನೋಡುತ್ತಿದ್ದೆ. ಗಂಡ ಹನಿ ಚೆಲ್ಲುವ ಚಿತ್ರ ಇದೆ. ಅವನು ನಿಂತಿರುವುದು ದೋಣಿಯ ಪಕ್ಕ. ನನ್ನ ಬೆನ್ನಚೀಲ ಆಗಲೇ ದೋಣಿಯಲ್ಲಿದೆ. ಅಂದರೆ ನಾವು ಹೊರಡುವ ಬೆಳಿಗ್ಗೆ. ಅದಕ್ಕೂ ಹಿಂದಿನ ಚಿತ್ರದಲ್ಲಿ ಅತ್ತೆ ಮಂಕು ಬಲ್ಬಿನ ಕೆಳಗೆ ಖಾಲಿ ಬಟ್ಟಲು ಹಿಡಿದು, ಕನ್ನಡಕದೊಳಗಿಂದ ಕ್ಯಾಮೆರಾವನ್ನು ಗದರುತ್ತಿದ್ದಾರೆ. ಊಟ ಮೊದಲು, ಹನಿ ಆಮೇಲೆ. ಅವನು ಊಟದ ಹೊತ್ತಿಗೂ ಚೆಲ್ಲಿರಬಹುದು, ನಾನು ಚಿತ್ರ ತೆಗೆದಿರಲಿಕ್ಕಿಲ್ಲ. ಇಲ್ಲವೇ ಅತ್ತೆ ಯಾವ ಹನಿಯನ್ನೂ ನೋಡದೆ ಸುಮ್ಮನೆ ಉಂಡಿರಬಹುದು.

ಫೋನು ಹಿಡಿದು ಅಡುಗೆಮನೆಗೆ ಹೋದೆ. ಅತ್ತೆ ಅಂಗಡಿಯ ಕೀನ್ವಾದಲ್ಲಿ ಅದೇ ಸಾರು ಮಾಡುತ್ತಿದ್ದರು. ಊರಿಗೆ ಬಂದಾಗಿನಿಂದ ಆಗಾಗ ಮಾಡುತ್ತಾರೆ. ಕಾಲೇಜಿಗೆ ಹೋಗುವ ನನ್ನ ಮಗಳು ಪಕ್ಕದಲ್ಲಿ ನಿಂತು ಆಲೂಗಡ್ಡೆ ಹೆಚ್ಚುತ್ತಿದ್ದಳು. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲಿ ಉತ್ತರಿಸುವವಳು.

ಚಿತ್ರ ತೋರಿಸಿದೆ. ಅತ್ತೆ ಬೆರಳಿನಿಂದ ದೊಡ್ಡದು ಮಾಡಿ ನೋಡಿದರು.

"ಸೀರೆ ಎಷ್ಟು ಕಸಂಗಿ ಮುದುಡಿ ಹೋಗಿದೆ. ಇಂಥದ್ದನ್ನೆಲ್ಲ ಯಾಕೆ ಇಟ್ಕೊಂಡಿದೀಯ?"

"ಹನಿ ನೋಡಿ ತಿಂದ್ರೋ, ನೋಡದೆ ತಿಂದ್ರೋ?"

"ಹಸಿವಾಗಿತ್ತು, ತಿಂದೆ. ಹನಿ ಗಿನಿ ಎಲ್ಲ ನೀನು ಕಟ್ಟಿದ್ದು."

"ಪರಿಷೇಚನೆ ಅಂದದ್ದು ನೀವೇ ಅಲ್ವಾ?"

"ಅಂದಿರಬಹುದು. ದೋಣಿ ಹತ್ತುವಾಗ ಅಂದೆನೋ ಏನೋ." ಸೌಟಿನಿಂದ ಒಂದು ತೊಟ್ಟು ಅಂಗೈಗೆ ಹಾಕಿಕೊಂಡು ರುಚಿ ನೋಡಿದರು. ಮಗಳಿಗೂ ಹಾಕಿದರು.

"ನಲ್ಲಾ ಇರುಕ್ಕು, ಪಾಟಿ," ಎಂದಳು ಅವಳು. ಚೆನ್ನಾಗಿದೆ, ಅಜ್ಜಿ, ಎಂದು.

"ನಿನಗೇನು ಗೊತ್ತು. ಏನೋ ಕಮ್ಮಿ." ಉಪ್ಪು ಹಾಕಿದರು, ಪುದೀನ ಹಾಕಿದರು, ತುಸು ಇಂಗು ಕೂಡ ಹಾಕಿದರು. ಮತ್ತೆ ನೋಡಿದರು. "ಏನೋ ಒಂದು ಕಮ್ಮಿ. ಅವಳು ಏನೋ ಹಾಕಿದ್ಲು."

"ಅಪ್ಪಾ, ಆಡು?" ಎಂದಳು ಮಗಳು, ಮೆಲ್ಲಗೆ, ಕುರಿ ಮೇಕೆ ಏನಾದರೂ ಬಿದ್ದಿತ್ತೇ ಎಂಬ ಅರ್ಥದಲ್ಲಿ.

ನಾನು ಅತ್ತೆಯ ಮುಖ ನೋಡಿದೆ. ಅವರಿಗೆ ತಮಿಳು ನಮಗಿಂತ ಚೆನ್ನಾಗಿ ಬರುತ್ತದೆ. ಅವರು ಒಲೆಯನ್ನು ಸಣ್ಣಗೆ ಮಾಡಿದರು.

"ಅಲ್ಲಿಯ ನೀರು ಬೇರೆ," ಎಂದರು. "ಭೂಗೋಳ ಓದಿದ್ರೆ ಗೊತ್ತಿರೋದು."

ನೀರೇ ಇರಬಹುದು. ಸೊಪ್ಪಿರಬಹುದು, ಒಲೆಯ ಹೊಗೆಯಿರಬಹುದು, ಎರಡು ಏಕಾದಶಿಯ ಹಸಿವಿರಬಹುದು. ನಮ್ಮ ಚಟ್ನಿಪುಡಿಯಲ್ಲಿ ಮೀನಿಲ್ಲವೆಂದು ಅವಳು ಕೊನೆಗೂ ನಂಬಿದಳೋ ಇಲ್ಲವೋ, ಕೇಳಿ ಬರಲಿಲ್ಲ. ಆ ಸಾರಿನಲ್ಲಿ ಏನಿತ್ತು ಎಂಬುದು ನನಗೆ ಗೊತ್ತಿಲ್ಲ. ಅತ್ತೆಗೆ ಗೊತ್ತಿದೆಯೋ ಎಂಬುದೂ ಗೊತ್ತಿಲ್ಲ.