ಅಣ್ಣ ಬಣ್ಣ ಹೊಡೆದ ಕೊನೆಯ ಕಾರು

ನನ್ನ ಮೈದುನನಿಗೆ ಬೀದಿಯವರಿಟ್ಟ ಹೆಸರು ಕಿಡಿ. ಕಾರುಗಳ ವೈರಿಂಗ್ ಕೆಲಸದವನಾದ್ದರಿಂದ ಹಾಗೆ ಕರೆಯುತ್ತಾರೆಂದು ಹೊಸಬರು ತಿಳಿಯುತ್ತಾರೆ. ಅದಲ್ಲ, ಒಂದು ಕಡೆ ನಿಲ್ಲುವ ಜಾಯಮಾನವೇ ಅವನದಲ್ಲ. ಚಹಾ ಕುಡಿಯುವುದು ಅಡುಗೆಮನೆಗೂ ಶೆಡ್ಡಿಗೂ ನಡುವೆ ಓಡಾಡುತ್ತ. ನೆಂಟರ ಮನೆಗೆ ಕರೆದುಕೊಂಡು ಹೋದರೆ ಹೊರಡುವ ಹೊತ್ತಿಗೆ ಅವರ ಫ್ಯಾನು ಬಿಚ್ಚಿ ನೆಲಕ್ಕೆ ಹಾಕಿರುತ್ತಾನೆ. ಅವನು ಸುಮ್ಮನೆ ನಿಂತದ್ದು ಕಂಡರೆ ನಾನು ಹಣೆ ಮುಟ್ಟಿ ಜ್ವರ ನೋಡುತ್ತೇನೆ.

ಅವನ ಅಣ್ಣ, ನಮ್ಮ ಯಜಮಾನರು, ಅವನಿಗೆ ತದ್ವಿರುದ್ಧ. ಕಾರುಗಳಿಗೆ ಬಣ್ಣ ಹೊಡೆಯುವವರು. ಒಂದು ಬಾಗಿಲನ್ನು ಉಜ್ಜಲು ಕೂತರೆ ಬೆಳಗಿನಿಂದ ಸಂಜೆಯವರೆಗೂ ಅದೇ ಬಾಗಿಲು. ಮನೆಯ ಹಿಂದಿನ ಶೆಡ್ಡಿನಲ್ಲಿ ಅಣ್ಣತಮ್ಮ ಇಬ್ಬರೂ ತಲೆ ನರೆಯುವ ತನಕ ಒಟ್ಟಿಗೆ ದುಡಿದರು, ದಿನ ತಪ್ಪದೆ ಜಗಳವಾಡಿದರು. ಬೈಯುವುದರಲ್ಲಿ ಕಿಡಿಯದೇ ಮೇಲುಗೈ. ಅಣ್ಣನೆಂದು ಎಂದೂ ಮುಲಾಜು ನೋಡಿದವನಲ್ಲ.

ಬಣ್ಣದ ಹೊಗೆ ಯಜಮಾನರ ಶ್ವಾಸಕೋಶಕ್ಕೆ ಇಳಿದಿತ್ತು. ಇನ್ನು ಸ್ಪ್ರೇ ಗನ್ ಮುಟ್ಟಕೂಡದೆಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು. ಒಪ್ಪಿಕೊಂಡಿದ್ದ ಒಂದು ಕಾರು ಬಾಕಿಯಿತ್ತು. ನಿವೃತ್ತರಾದ ಲೆಕ್ಕದ ಟೀಚರೊಬ್ಬರ ಹಳೆಯ ಸ್ಪೋರ್ಟ್ಸ್ ಕಾರು. ಎರಡೇ ಸೀಟು, ನೆಲಕ್ಕೆ ಅಂಟಿದಷ್ಟು ತಗ್ಗು, ಉದ್ದ ಮೂತಿ. ಇದೇ ನನ್ನ ಕೊನೆಯದು ಎಂದು ಯಜಮಾನರು ಮಾಸ್ಕ್ ಕಟ್ಟಿಕೊಂಡು ಅದಕ್ಕೆ ಕಡುಗೆಂಪು ಹೊಡೆದರು. ಅಂಥ ಕೆಲಸವನ್ನು ಅವರ ಕೈಯಲ್ಲೂ ನಾನು ನೋಡಿರಲಿಲ್ಲ. ಡಿಕ್ಕಿಯ ಒಳಮೂಲೆ ಕೂಡ ಕನ್ನಡಿಯಾಗಿತ್ತು.

ಟೀಚರು ಖುಷಿಯಿಂದ ಒಯ್ದವರು ವಾರ ತುಂಬುವುದರೊಳಗೆ ತಿರುಗಿ ಬಂದರು. ಬ್ರೇಕ್ ಒತ್ತಿದರೆ ಪೆಟ್ರೋಲ್ ಮೀಟರಿನ ಮುಳ್ಳು ಮೇಲಕ್ಕೆ ಎಗರುತ್ತದಂತೆ, ಇಂಡಿಕೇಟರ್ ಹಾಕಿದರೆ ಹಿಂದಿನ ದೀಪ ಮಂಕಾಗುತ್ತದಂತೆ. ಬ್ರೇಕ್ ಒತ್ತಿ ಒತ್ತಿಯೇ ಟ್ಯಾಂಕ್ ತುಂಬಿಸಬಹುದು ನೋಡಿ ಎಂದು ನಕ್ಕರು. ಯಜಮಾನರು ನಗಲಿಲ್ಲ. ತಮ್ಮನ ಕಡೆ ತಿರುಗಿ, ಭಾನುವಾರ ಅವರು ಬರುವಷ್ಟರಲ್ಲಿ ಸರಿಯಾಗಿರಬೇಕು, ನನ್ನ ಕೊನೇ ಕಾರಿನ ಮೇಲೆ ಮಾತು ಬರಬಾರದು ಎಂದರು.

ಅವತ್ತಿನಿಂದ ಕಿಡಿಯ ಚಡಪಡಿಕೆ ಬೇರೆಯೇ ಆಯಿತು. ಕಾರಿನ ಕೆಳಗೆ ತೂರುತ್ತಾನೆ, ಹೊರಗೆ ಬರುತ್ತಾನೆ, ಸರಿಯಿರುವ ಫ್ಯೂಸ್ ಕಿತ್ತು ಹಾಕುತ್ತಾನೆ, ಬೀದಿಯ ತುದಿಗೆ ಹೋಗಿ ಬರಿಗೈಲಿ ವಾಪಸು ಬರುತ್ತಾನೆ. ಮೈಮೇಲೆ ಇರುವೆ ಬಿಟ್ಟುಕೊಂಡವನ ಹಾಗಿದ್ದ. ನಾನು ಅಡುಗೆಮನೆಯಲ್ಲಿ ತಡೆದು ನಿಲ್ಲಿಸಿ, ಏನಾಗಿದೆ ಹೇಳು, ಇಲ್ಲದಿದ್ದರೆ ಇವತ್ತು ಊಟವಿಲ್ಲ ಎಂದೆ.

ಆಗ ಬಾಯಿಬಿಟ್ಟ. ತೊಂದರೆ ಏನೆಂದು ಮೊದಲ ದಿನವೇ ಸಿಕ್ಕಿತ್ತು. ಬ್ಯಾಟರಿಯಿಂದ ಹೊರಟ ಕರೆಂಟು ದೀಪ ಉರಿಸಿದ ಮೇಲೆ ಕಾರಿನ ತಗಡಿನ ಮೈಯಲ್ಲೇ ಹಾದು ಬ್ಯಾಟರಿಗೆ ಮರಳಬೇಕು. ಅದಕ್ಕೇ ಅಲ್ಲಲ್ಲಿ ವೈರನ್ನು ಬೋಲ್ಟು ಹಾಕಿ ತಗಡಿಗೆ ಬಿಗಿದಿರುತ್ತಾರೆ. ಬೋಲ್ಟಿನ ಕೆಳಗೆ ತಗಡು ಬೆತ್ತಲೆಯಾಗಿರಬೇಕು. ಬಣ್ಣವಿದ್ದರೆ ದಾರಿ ಮುಚ್ಚಿದಂತೆ. ಕರೆಂಟು ಬೇರೆ ದೀಪಗಳ, ಮೀಟರುಗಳ ಒಳಗೆ ನುಗ್ಗಿ ದಾರಿ ಹುಡುಕುತ್ತದೆ, ಮುಳ್ಳು ಕುಣಿಯುತ್ತದೆ. ಬಣ್ಣಕ್ಕೆ ಮೊದಲು ಆ ಜಾಗಗಳಿಗೆಲ್ಲ ಟೇಪು ಅಂಟಿಸುವುದು ಕಿಡಿಯ ಕೆಲಸ. ಈ ಸಲವೂ ಅಂಟಿಸಿದ್ದ. ಯಜಮಾನರು ಒಂದೂ ಬಿಡದೆ ಕಿತ್ತಿದ್ದರು. ಕೊನೆಯ ಕಾರಿನಲ್ಲಿ ಉಗುರಿನಷ್ಟು ಜಾಗವೂ ಬೋಳಾಗಿ ಉಳಿಯಬಾರದು ಎನ್ನುವುದು ಅವರ ಆಸೆ. ಬೋಲ್ಟು ಬಿಗಿಯಾಗಿದ್ದರೆ ಸಾಕು ಎಂದುಕೊಂಡು ಬಣ್ಣದ ಮೇಲೇ ತಾವೇ ಬಿಗಿದಿದ್ದರು.

“ಕೆರೆದ್ರೆ ಐದು ನಿಮಿಷದ ಕೆಲಸ ಅತ್ತಿಗೆ,” ಎಂದ. “ಆದ್ರೆ ಅಣ್ಣ ದಿನಾ ಬೆಳಿಗ್ಗೆ ಡಿಕ್ಕಿ ತೆಗೆದು ಬಟ್ಟೇಲಿ ಒರೆಸ್ತಾನೆ. ಬೋಲ್ಟಿನ ಸುತ್ತ ಬೋಳಾದ್ದು ಕಂಡೇ ಕಾಣುತ್ತೆ. ತಪ್ಪು ನಿಂದೇ ಅಂತ ಈಗ ಹೇಗೆ ಹೇಳ್ಲಿ?”

ಯಜಮಾನರು ಕೆಮ್ಮುತ್ತಲೇ ಆ ಮೂಲೆಗೆ ಪಾಲಿಶ್ ಹಾಕಿದ್ದನ್ನು ಕಣ್ಣಾರೆ ಕಂಡವಳು ನಾನು. ಹೇಳು ಎನ್ನದೆ, ಬೇಡವೆಂದೂ ಎನ್ನದೆ ಅವನಿಗೆ ಊಟ ಬಡಿಸಿದೆ.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದು ಕಿಡಿ ಕಾರ್ಪೆಟ್ಟಿನಡಿ ಹಿಂದಿನ ದೀಪದಿಂದ ನೇರ ಬ್ಯಾಟರಿಗೆ ಬೇರೆ ವೈರೊಂದನ್ನು ಕದ್ದು ಎಳೆದ. ಹಿಂದಿನ ದೀಪ ಸರಿಹೋಯಿತು. ಕಾರಿನ ಮುಂಭಾಗದಲ್ಲೂ ಬಣ್ಣದ ಮೇಲೆ ಕೂತ ಬೋಲ್ಟುಗಳಿದ್ದವಲ್ಲ, ಮುಳ್ಳು ಮಾತ್ರ ಅಲುಗಾಡುತ್ತಲೇ ಇತ್ತು. ಅರೆಬರೆ ಕೆಲಸವನ್ನು ಕಂಡವರ ಕಾರಿನಲ್ಲೂ ಸಹಿಸದವನು, ತನ್ನ ಕೈಯಾರೆ ಅದನ್ನೇ ಮಾಡಿ ಒಳಗೊಳಗೇ ಬೇಯುತ್ತಿದ್ದ.

ಭಾನುವಾರ ಬೆಳಿಗ್ಗೆ ಯಜಮಾನರು ಸೀಟಿನಲ್ಲಿ ಕೂತು ಬ್ರೇಕ್ ಒತ್ತಿದರು. ಮುಳ್ಳು ಜಿಗಿಯಿತು. ಇದೇನೋ ಎಂದು ಕೇಳಿದರು.

“ಮೀಟರ್ ಹಳೇದು ಅಣ್ಣ. ಅದು ಇರೋದೇ ಹಾಗೆ,” ಎಂದ ಕಿಡಿ. ಎರಡೂ ಕೈ ಜೇಬಿನಲ್ಲಿ, ಕಂಬದ ಹಾಗೆ ಅಲುಗದೆ ನಿಂತಿದ್ದ.

ಯಜಮಾನರು ಅಲುಗದೆ ನಿಂತ ಅವನ ಕಾಲುಗಳನ್ನು ನೋಡಿದರು. ಇಳಿದು ಹೋಗಿ ಡಿಕ್ಕಿ ತೆಗೆದರು, ಕಾರ್ಪೆಟ್ ಎತ್ತಿದರು. ಹೊಸ ವೈರು ಕಂಡಿತು. ಸ್ಪ್ಯಾನರ್ ತೆಗೆದುಕೊಂಡು ಮೂಲೆಯ ಬೋಲ್ಟು ಬಿಚ್ಚಿದರು. ಅದರ ಕೆಳಗೂ ಕಡುಗೆಂಪು ಫಳಫಳ ಹೊಳೆಯುತ್ತಿತ್ತು. ಅದನ್ನು ಹೆಬ್ಬೆರಳಿನಿಂದ ಸವರಿದರು. ಯಾವಾಗ ಗೊತ್ತಾಯಿತು ಎಂದು ಕೇಳಿದರು. ಮೊದಲ ದಿನವೇ ಎಂದು ಕಿಡಿ ನೆಲ ನೋಡಿಕೊಂಡು ಹೇಳಿದ.

“ಹತ್ತು ಜನರ ಎದುರಿಗೆ ನನ್ನನ್ನ ಬೈದಿದ್ದೀಯ. ಒಂದು ಸಲಾನೂ ನೋವಾಗಿಲ್ಲ ಕಣೋ,” ಎಂದರು ಯಜಮಾನರು. “ಈಗ ಬೈಯ್ಯೋದಕ್ಕೂ ಲಾಯಕ್ಕಿಲ್ಲದೆ ಹೋದ್ನಾ? ಅಷ್ಟು ಬೇಗ ಮುಗಿದೋದ್ನಾ ನಾನು?”

ಯಜಮಾನರು ಉಪ್ಪುಕಾಗದದ ತುಂಡು ಹರಿದು, ಡಿಕ್ಕಿಯೊಳಗೆ ಬಗ್ಗಿ ತಾವೇ ಉಜ್ಜತೊಡಗಿದರು. ಕೆಂಪು ಪುಡಿ ಉದುರಿ ತಗಡು ಬೆಳ್ಳಗೆ ಮೇಲೆದ್ದಿತು. ಕೆಮ್ಮು ಬಂದರೂ ಕೈ ನಿಲ್ಲಿಸಲಿಲ್ಲ.

ಕಿಡಿ ನುಗ್ಗಿ ಅವರ ಕೈಯಿಂದ ಕಾಗದ ಕಿತ್ತುಕೊಂಡ. ಬುದ್ಧಿ ಇದೆಯಾ ನಿನಗೆ, ಮಾಸ್ಕ್ ಇಲ್ಲದೆ ಬಣ್ಣದ ಪುಡಿ ಕುಡೀತಿದ್ದೀಯಲ್ಲ, ನಾನು ಅಂಟಿಸಿದ ಟೇಪು ಕೀಳೋಕೆ ನಿನಗೆ ಯಾರು ಹೇಳಿದ್ದು, ಎಂದು ಶುರುಮಾಡಿದವನು ಬೀದಿಗೆಲ್ಲ ಕೇಳುವ ಹಾಗೆ ಬೈದ. ಬೈಯುತ್ತ ಬೈಯುತ್ತ ಅಳುತ್ತಿದ್ದ. ಯಜಮಾನರು ಮಾಸ್ಕ್ ಕಟ್ಟಿಕೊಂಡು, ಮುಂದಿನ ಬೋಲ್ಟು ಎಲ್ಲಿದೆ ತೋರಿಸು ಎಂದರು.